ಯಳಂದೂರಿನಲ್ಲಿ ಸೋಲಿಗರು 39 ಜನ ಅಂತ ಡೇಟಾಬೇಸ್ ಯಾಕೆ ಅಂದುಕೊಳ್ಳುತ್ತೆ?

‘ಸರ್ವರ್ ಸ್ಲೋ ಇದೆ, ಮಧ್ಯಾಹ್ನದ ಮೇಲೆ ಬನ್ನಿ.’ ನಾಡಕಚೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಈ ಮಾತು ಕೇಳದವರು ಕಮ್ಮಿ. ಸ್ಲೋ ಆಗೋಕೆ ಕಾರಣ ಹತ್ತಾರು: ನೆಟ್‌ವರ್ಕ್, ಕರೆಂಟು, ಬೆರಳಚ್ಚು ಹಿಡಿಯದ ಯಂತ್ರ. ಇವೆಲ್ಲ ಸರಿ ಇದ್ದೂ ಒಂದು ಪುಟ ತೆರೆಯೋಕೆ ನಾಲ್ಕು ನಿಮಿಷ ತಗೊಳ್ಳುವುದುಂಟು. ಆಗ ಸಾಮಾನ್ಯವಾಗಿ ಸಿಗುವ ಪರಿಹಾರ ಹೊಸ ಸರ್ವರ್, ಅಂದರೆ ಹೊಸ ಟೆಂಡರ್. ಎಷ್ಟೋ ಸಲ ತೊಂದರೆ ಇರುವುದು ಯಂತ್ರದ ಶಕ್ತಿಯಲ್ಲಲ್ಲ, ಅದರ ಊಹೆಯಲ್ಲಿ. ಆ ಊಹೆಯ ಹೆಸರು ಸೆಲೆಕ್ಟಿವಿಟಿ.

ಇಂಜಿನಿಯರಿಂಗ್ ಓದುವಾಗ ಡಿಬಿಎಂಎಸ್ ಪಠ್ಯದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೂವರೆ ಪುಟ. ಪತ್ರಿಕೋದ್ಯಮಕ್ಕೆ ಬಂದು ಸರ್ಕಾರಿ ಯೋಜನೆಗಳ ಪಟ್ಟಿಗಳನ್ನು ಜಾಲಾಡೋಕೆ ಶುರು ಮಾಡಿದ ಮೇಲೇ ನನಗೆ ಇದು ಬರೀ ಇಂಜಿನಿಯರುಗಳ ವಿಷಯ ಅಲ್ಲ ಅನ್ನಿಸಿದ್ದು.

ಜರಡಿಯ ಲೆಕ್ಕ

ಒಂದು ಟೇಬಲ್ ಕಲ್ಪಿಸಿಕೊಳ್ಳಿ. ಕರ್ನಾಟಕದ ಒಬ್ಬೊಬ್ಬರಿಗೂ ಒಂದೊಂದು ಸಾಲು. 2011ರ ಜನಗಣತಿ ಪ್ರಕಾರ 6,10,95,297 ಸಾಲು. ‘ಜಿಲ್ಲೆ ಚಾಮರಾಜನಗರ ಆಗಿರುವವರನ್ನು ಕೊಡು’ ಅಂತ ಕೇಳಿದರೆ ಅದೊಂದು ಫಿಲ್ಟರ್, ಜರಡಿ ಹಿಡಿದ ಹಾಗೆ. ಒಟ್ಟು ಸಾಲುಗಳಲ್ಲಿ ಎಷ್ಟು ಪಾಲು ಜರಡಿ ದಾಟುತ್ತೆ ಅನ್ನುವುದೇ ಸೆಲೆಕ್ಟಿವಿಟಿ. ಜಿಲ್ಲೆಯ ಜನಸಂಖ್ಯೆ 10,20,791. ಹಾಗಾಗಿ ಶೇ 1.67.

ಈ ಪಾಲು ಡೇಟಾಬೇಸಿಗೆ ಮೊದಲೇ ಗೊತ್ತಿರಬೇಕು. ಯಾಕೆಂದರೆ ಕೆಲಸ ಶುರು ಮಾಡುವ ಮುಂಚೆ ಅದು ದಾರಿ ಆರಿಸಬೇಕು. 39 ಮನೆಗೆ ಏನಾದರೂ ಹಂಚಬೇಕಾದರೆ ಸ್ಕೂಟರ್ ಸಾಕು, 3,000 ಮನೆಗಾದರೆ ಲಾರಿ ಬೇಕು. ಸಾಲುಗಳು ಕಮ್ಮಿ ಅನ್ನಿಸಿದರೆ ಡೇಟಾಬೇಸ್ ಇಂಡೆಕ್ಸ್ ಹಿಡಿದು ಒಂದೊಂದಾಗಿ ಹುಡುಕುತ್ತೆ. ಜಾಸ್ತಿ ಅನ್ನಿಸಿದರೆ ಇಡೀ ಟೇಬಲ್ ಒಂದೇ ಸಲ ಓದಿ ಹೊಂದಿಸುತ್ತೆ. ಈ ದಾರಿ ಆರಿಸುವ ಭಾಗವೇ ಕ್ವೆರಿ ಆಪ್ಟಿಮೈಸರ್. ಊಹೆ ತಪ್ಪಿದರೆ ಉತ್ತರ ತಪ್ಪಾಗಲ್ಲ, ಇದನ್ನು ಒತ್ತಿ ಹೇಳಬೇಕು. 3,000 ಮನೆಗೂ ಸ್ಕೂಟರ್‌ನಲ್ಲೇ ಹಂಚಿ ಮುಗಿಸಬಹುದು. ಸಂಜೆಯಾಗುತ್ತೆ, ಅಷ್ಟೇ.

ಈ ಊಹೆಯ ಸೂತ್ರಗಳು ಹಳೆಯವು. 1979ರಲ್ಲಿ ಐಬಿಎಂನ ಪೆಟ್ರೀಶಿಯಾ ಸೆಲಿಂಜರ್ ಮತ್ತು ಸಂಗಡಿಗರು ‘ಸಿಸ್ಟಂ ಆರ್’ ಎಂಬ ಪ್ರಯೋಗದ ಡೇಟಾಬೇಸಿಗಾಗಿ ಬರೆದ ಪ್ರಬಂಧದಲ್ಲಿ ಇವು ಇವೆ. ಏನೂ ಮಾಹಿತಿ ಇಲ್ಲದಿದ್ದರೆ ‘ಇದಕ್ಕೆ ಸಮ’ ಎಂಬ ಫಿಲ್ಟರಿಗೆ ಹತ್ತರಲ್ಲಿ ಒಂದು ಪಾಲು, ‘ಇದಕ್ಕಿಂತ ಜಾಸ್ತಿ’ ಎಂಬುದಕ್ಕೆ ಮೂರರಲ್ಲಿ ಒಂದು. ಎಲ್ಲಿಂದ ಬಂತು ಹತ್ತು, ಎಲ್ಲಿಂದ ಬಂತು ಮೂರು? ಅಂದಾಜಿನ ಅಂದಾಜು. ಈಗಿನ ಡೇಟಾಬೇಸ್‌ಗಳು ಅಷ್ಟು ಕುರುಡಲ್ಲ. ಪೋಸ್ಟ್‌ಗ್ರೆಸ್ ಆಗಾಗ ಒಂದಷ್ಟು ಸಾಲು ಹೆಕ್ಕಿ ನೋಡಿ, ಪ್ರತಿ ಕಾಲಂನಲ್ಲಿ ಹೆಚ್ಚಾಗಿ ಬರುವ ಮೌಲ್ಯಗಳ ಪಟ್ಟಿಯನ್ನೂ ಉಳಿದವಕ್ಕೆ ಒಂದು ಹಿಸ್ಟೋಗ್ರಾಮನ್ನೂ ಇಟ್ಟುಕೊಳ್ಳುತ್ತೆ. ಒಂದೇ ಫಿಲ್ಟರ್ ಇದ್ದರೆ ಸಾಮಾನ್ಯವಾಗಿ ಊಹೆ ಚೆನ್ನಾಗೇ ಇರುತ್ತೆ.

ಎರಡನೇ ಫಿಲ್ಟರ್ ಬಂದಾಗ

ಎಡವಟ್ಟು ಶುರುವಾಗೋದು ‘ಮತ್ತು’ ಅನ್ನುವ ಪದದಿಂದ. ಎರಡು ಫಿಲ್ಟರ್ ಇದ್ದರೆ ಏನು ಮಾಡಬೇಕು? 1979ರ ಉತ್ತರ: ಎರಡೂ ಪಾಲುಗಳನ್ನು ಗುಣಿಸಿ. ಇವತ್ತಿಗೂ ಪೋಸ್ಟ್‌ಗ್ರೆಸ್, ಬೇರೆ ಹೇಳದಿದ್ದರೆ, ಮಾಡುವುದು ಅದನ್ನೇ. ಈ ಗುಣಾಕಾರದ ಹಿಂದೆ ಒಂದು ನಂಬಿಕೆ ಇದೆ: ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ.

ಮೊದಲು ಸಣ್ಣ ತಪ್ಪು ನೋಡಿ. 2011ರಲ್ಲಿ ರಾಜ್ಯದ ಜನರಲ್ಲಿ ಪರಿಶಿಷ್ಟ ಪಂಗಡದವರು ಶೇ 6.95. ‘ಚಾಮರಾಜನಗರ ಜಿಲ್ಲೆ ಮತ್ತು ಪರಿಶಿಷ್ಟ ಪಂಗಡ’ ಅಂತ ಕೇಳಿದರೆ ಗುಣಾಕಾರ ಹೇಳುವುದು ಸುಮಾರು 71 ಸಾವಿರ. ಜನಗಣತಿಯಲ್ಲಿ ಇದ್ದದ್ದು ಸುಮಾರು 1 ಲಕ್ಷ 20 ಸಾವಿರ. ಇಷ್ಟು ವ್ಯತ್ಯಾಸಕ್ಕೆ ಸಾಮಾನ್ಯವಾಗಿ ದಾರಿ ತಪ್ಪಲ್ಲ.

ಈಗ ಯಳಂದೂರಿಗೆ ಬನ್ನಿ. ತಾಲ್ಲೂಕಿನ ಜನಸಂಖ್ಯೆ 80 ಸಾವಿರ, ರಾಜ್ಯದಲ್ಲಿ ಸೋಲಿಗರು 30 ಸಾವಿರ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ‘ಯಳಂದೂರು ತಾಲ್ಲೂಕು ಮತ್ತು ಸೋಲಿಗ’ ಅಂತ ಕೇಳಿದರೆ ಗುಣಾಕಾರ ಕೊಡುವ ಉತ್ತರ 39 ಜನ.

ಬಿಳಿಗಿರಿರಂಗನ ಬೆಟ್ಟ ಇರುವುದೇ ಈ ತಾಲ್ಲೂಕಿನಲ್ಲಿ. ಬೆಟ್ಟದ ಯರಕನಗದ್ದೆ ಕಾಲೊನಿ ಒಂದರಲ್ಲೇ 39ಕ್ಕಿಂತ ಜಾಸ್ತಿ ಜನ ಇದ್ದಾರೆ. ಪುರಾಣಿ ಪೋಡು, ಬಂಗ್ಲೆ ಪೋಡು ಎಲ್ಲ ಆಮೇಲಿನ ಮಾತು. ಆಪ್ಟಿಮೈಸರ್ ಪ್ರಕಾರ ಮಾತ್ರ ಸೋಲಿಗರು ಬೀದರ್‌ನಿಂದ ಕೊಡಗಿನವರೆಗೆ ಉಪ್ಪು ಉದುರಿಸಿದ ಹಾಗೆ ಸಮನಾಗಿ ಹರಡಿಕೊಂಡಿದ್ದಾರೆ. ಈ ಕಾಡಿಗೂ ಆ ಜನಕ್ಕೂ ಇರುವ ಸಂಬಂಧ ಅದಕ್ಕೆ ಗೊತ್ತಿಲ್ಲ. ಕಾಫಿ ಕೆಲಸಕ್ಕೆ ಕೊಡಗಿಗೆ ಹೋಗುವವರಿದ್ದಾರೆ, ನಿಜ. ಆದರೆ ಊರು ಇಲ್ಲೇ.

ಮೂರನೇ ಫಿಲ್ಟರ್ ಹಾಕಿ: ‘ಅರಣ್ಯ ಹಕ್ಕುಪತ್ರ ಇರುವವರು’. 2006ರ ಅರಣ್ಯ ಹಕ್ಕು ಕಾಯ್ದೆ ಅಡಿ 2011ರಲ್ಲಿ ಬಿಆರ್‌ಟಿ ಹುಲಿ ಅಭಯಾರಣ್ಯದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಇಂಥ ಪಟ್ಟಿಗಳನ್ನು ಜನ ಕೇಳುವುದು ಸಹಜ. ರಾಜ್ಯದಲ್ಲಿ ಸಾವಿರಕ್ಕೊಬ್ಬರಿಗೆ ವೈಯಕ್ತಿಕ ಹಕ್ಕುಪತ್ರ ಇದೆ ಅಂತ ಇಟ್ಟುಕೊಂಡರೆ, 39 ಅನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಒಂದಕ್ಕಿಂತ ಕಮ್ಮಿ ಸಾಲು ಅಂತ ಪೋಸ್ಟ್‌ಗ್ರೆಸ್ ಹೇಳಲ್ಲ, ಹಾಗಾಗಿ ಅಂದಾಜು 1ಕ್ಕೆ ನಿಲ್ಲುತ್ತೆ. ಒಬ್ಬರೇ ತಾನೆ ಅಂತ ಅದು ಪಡಿತರ ಟೇಬಲ್, ಪಿಂಚಣಿ ಟೇಬಲ್, ಬ್ಯಾಂಕ್ ಖಾತೆ ಟೇಬಲ್ ಎಲ್ಲದಕ್ಕೂ ಸ್ಕೂಟರ್ ಹತ್ತುತ್ತೆ. ಟೇಬಲ್‌ಗಳು ಸೇರುತ್ತಾ ಹೋದ ಹಾಗೆ ಈ ಕಮ್ಮಿ ಅಂದಾಜು ಬೆಳೆಯುತ್ತೆ ಅನ್ನುವುದನ್ನು 2015ರಲ್ಲಿ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಐಎಂಡಿಬಿಯ ಸಿನಿಮಾ ಮಾಹಿತಿ ಇಟ್ಟುಕೊಂಡು ತೋರಿಸಿದರು. ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸ್‌ಗಳೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ.

ಇದರಲ್ಲಿ ಯಾರದ್ದೂ ದುರುದ್ದೇಶ ಇಲ್ಲ. ಆದರೆ ಯಾರಿಗೆ ಹೊಡೆತ ಅನ್ನುವುದು ಸಮನಾಗಿ ಹಂಚಿಕೆಯಾಗಿಲ್ಲ. ಎಲ್ಲ ಕಡೆ ಚದುರಿ ಬದುಕುವ ದೊಡ್ಡ ಸಮುದಾಯಗಳ ವಿಷಯದಲ್ಲಿ ಗುಣಾಕಾರ ಹೆಚ್ಚುಕಡಿಮೆ ಸರಿಯಾಗುತ್ತೆ. ಒಂದೇ ಕಡೆ ಒಟ್ಟಾಗಿ ಬದುಕುವ ಸಣ್ಣ ಸಮುದಾಯಗಳ ವಿಷಯದಲ್ಲೇ ಅದು ನೂರು ಪಟ್ಟು ಕೈಕೊಡುವುದು.

ಸರಿಪಡಿಸೋದು ಹೇಗೆ

ಸುಲಭದ ಪ್ರಕರಣ ಮೊದಲು. ‘ಜಿಲ್ಲೆ ಚಾಮರಾಜನಗರ ಮತ್ತು ತಾಲ್ಲೂಕು ಯಳಂದೂರು’ ಅಂತ ಬರೆಯುವವರು ಬಹಳ. ಯಳಂದೂರು ಅಂದಮೇಲೆ ಜಿಲ್ಲೆ ಯಾವುದು ಅಂತ ಕೇಳಬೇಕಾ? ಡೇಟಾಬೇಸ್ ಮಾತ್ರ ಇನ್ನೊಮ್ಮೆ ಶೇ 1.67ರಿಂದ ಗುಣಿಸಿ ಅಂದಾಜನ್ನು 60 ಪಟ್ಟು ಇಳಿಸುತ್ತೆ. ಪೋಸ್ಟ್‌ಗ್ರೆಸ್‌ನ 2017ರ 10ನೇ ಆವೃತ್ತಿಯಿಂದ ‘ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್’ ಎಂಬ ಆಜ್ಞೆ ಇದೆ. ತಾಲ್ಲೂಕು ಗೊತ್ತಾದರೆ ಜಿಲ್ಲೆ ಗೊತ್ತಾದ ಹಾಗೆ ಅನ್ನುವ ಅವಲಂಬನೆಯನ್ನು ಅದು ಲೆಕ್ಕ ಹಾಕಿಟ್ಟುಕೊಳ್ಳುತ್ತೆ. ಒಂದು ಸಾಲಿನ ಕೆಲಸ.

ಸೋಲಿಗರ ಪ್ರಕರಣ ಅಷ್ಟು ಸುಲಭ ಅಲ್ಲ. 2019ರ 12ನೇ ಆವೃತ್ತಿಯಿಂದ ಎರಡು ಕಾಲಂಗಳ ಜೋಡಿಗಳನ್ನೂ ಹೆಚ್ಚಾಗಿ ಬರುವ ಪಟ್ಟಿಯಲ್ಲಿ ಇಡಬಹುದು. ಆದರೆ ಆ ಪಟ್ಟಿ ಹುಟ್ಟುವುದು ಸ್ಯಾಂಪಲ್‌ನಿಂದ, ಸ್ಯಾಂಪಲ್‌ನ ಮಾಮೂಲಿ ಗಾತ್ರ 30 ಸಾವಿರ ಸಾಲು. ಅಂದರೆ 6.1 ಕೋಟಿಯಲ್ಲಿ ಎರಡು ಸಾವಿರಕ್ಕೊಬ್ಬರು. ಯಳಂದೂರಿನ ಸೋಲಿಗರು 3,000 ಅಂತ ಇಟ್ಟುಕೊಂಡರೂ ಸ್ಯಾಂಪಲ್‌ಗೆ ಬೀಳುವುದು ಒಬ್ಬರೋ ಇಬ್ಬರೋ. ಆ ಜೋಡಿ ಪಟ್ಟಿ ಸೇರುವುದೇ ಇಲ್ಲ. ಇಲ್ಲಿ ಸ್ಟ್ಯಾಟಿಸ್ಟಿಕ್ಸ್ ಗುರಿಯನ್ನು 100ರಿಂದ 1,000ಕ್ಕೆ ಏರಿಸಿ ಸ್ಯಾಂಪಲ್ ಅನ್ನು 3 ಲಕ್ಷ ಮಾಡಬೇಕಾಗುತ್ತೆ, ಇಲ್ಲವೇ ಟೇಬಲ್ಲನ್ನೇ ಜಿಲ್ಲಾವಾರು ಪಾಲು ಮಾಡಿ ಪ್ರತಿ ಪಾಲಿಗೂ ಬೇರೆ ಸ್ಯಾಂಪಲ್ ತೆಗೆಸಬೇಕು. ನನ್ನ ಮತ ಎರಡನೆಯದಕ್ಕೆ. ಆಡಳಿತ ನಡೆಯುವುದೂ ಜಿಲ್ಲಾವಾರಾಗಿಯೇ ಅಲ್ವಾ.

ಪಕ್ಕದ ಹನೂರಿನದ್ದು ಬೇರೆ ಕಥೆ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು, ಕೊಳ್ಳೇಗಾಲದಿಂದ ಬೇರೆಯಾದದ್ದು. ಇಂಥ ವಿಂಗಡಣೆ ಆದ ದಿನ ಟೇಬಲ್ಲಿನಲ್ಲಿ ಕೊಳ್ಳೇಗಾಲ ಇದ್ದ ಸಾಲುಗಳನ್ನು ಹನೂರು ಅಂತ ತಿದ್ದಿದರು ಅಂದುಕೊಳ್ಳಿ. ಟೇಬಲ್ಲಿನ ಶೇ 10ರಷ್ಟು ಸಾಲು ಬದಲಾದರೆ ಮಾತ್ರ ಪೋಸ್ಟ್‌ಗ್ರೆಸ್ ತಾನಾಗಿ ಮತ್ತೆ ಸ್ಯಾಂಪಲ್ ತೆಗೆಯುತ್ತೆ. ಇಡೀ ಚಾಮರಾಜನಗರ ಜಿಲ್ಲೆಯೇ ಶೇ 2 ಮುಟ್ಟಲ್ಲ. ಹಳೆಯ ಪಟ್ಟಿಯಲ್ಲಿ ಎಲ್ಲ ತಾಲ್ಲೂಕು ಇದ್ದು ಹನೂರು ಒಂದೇ ಇಲ್ಲದಿದ್ದರೆ, ಹನೂರಿನ ಜನ ಎಷ್ಟು ಅಂದರೆ ಆಪ್ಟಿಮೈಸರ್ ಸೊನ್ನೆಯ ಹತ್ತಿರದ ಅಂಕಿ ಹೇಳುತ್ತೆ. ಯಾರಾದರೂ ಕೈಯಾರೆ ‘ಅನಲೈಜ್’ ಓಡಿಸುವವರೆಗೂ ಅಷ್ಟೇ.

ಪರೀಕ್ಷಿಸುವುದು ಕಷ್ಟವಲ್ಲ. ನಿಧಾನವಾದ ಕ್ವೆರಿಯ ಹಿಂದೆ ‘ಎಕ್ಸ್‌ಪ್ಲೇನ್ ಅನಲೈಜ್’ ಅಂತ ಸೇರಿಸಿದರೆ ಪ್ರತಿ ಹಂತದಲ್ಲೂ ಅಂದಾಜಿನ ಸಾಲು, ನಿಜವಾದ ಸಾಲು ಎರಡೂ ಪಕ್ಕಪಕ್ಕ ಬರುತ್ತೆ. ಹೊಸ ಸರ್ವರ್ ಖರೀದಿಯ ಕಡತ ನಿಮ್ಮ ಕೈಗೆ ಬಂದರೆ, ಈ ಎರಡು ಅಂಕಿಗಳ ಪ್ರತಿ ಅದರಲ್ಲಿದೆಯಾ ನೋಡಿ. ಇಲ್ಲದಿದ್ದರೆ ಆರ್‌ಟಿಐನಲ್ಲಿ ಕೇಳಿ. ಜೊತೆಗೆ ಆ ಟೇಬಲ್‌ಗೆ ಕೊನೆಯ ಸಲ ‘ಅನಲೈಜ್’ ಆದ ದಿನಾಂಕವನ್ನೂ ಕೇಳಿ. ಪೋಸ್ಟ್‌ಗ್ರೆಸ್ ಅದನ್ನು ಪ್ರತಿ ಟೇಬಲ್ಲಿಗೂ ಬರೆದಿಟ್ಟುಕೊಂಡಿರುತ್ತೆ.