ಕೃಷಿ ಕಾಲೇಜಿನ ಪುಟ್ಟ ರಂಗಮಂದಿರ

ಬೇಸಾಯ ಕಲಿಸುವ ಕಾಲೇಜಿಗೂ ನಾಟಕಕ್ಕೂ ಎಲ್ಲಿಯ ಸಂಬಂಧ? ಅಮೆರಿಕದ ಫಾರ್ಗೊ ನಗರದ ನಾರ್ತ್ ಡಕೋಟಾ ಕೃಷಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆಲ್ಫ್ರೆಡ್ ಆರ್ವೋಲ್ಡ್ ಅವರಿಗೆ ಆ ಸಂಬಂಧ ಸ್ಪಷ್ಟವಾಗಿತ್ತು. ಬಯಲುಸೀಮೆಯ ದೀರ್ಘ ಚಳಿಗಾಲದಲ್ಲಿ ರೈತ ಕುಟುಂಬಗಳು ಒಂಟಿಯಾಗುತ್ತಿದ್ದವು, ಮಕ್ಕಳು ಪಟ್ಟಣ ಸೇರುತ್ತಿದ್ದರು. ಬೆಳೆಯೊಂದೇ ಹಳ್ಳಿಯನ್ನು ಉಳಿಸಲಾರದು ಎಂದು ನಂಬಿದ ಅವರು, 1914ರಲ್ಲಿ ಆಡಳಿತ ಕಟ್ಟಡದ ಮಹಡಿಯಲ್ಲಿದ್ದ ಹಳೆಯ ಪ್ರಾರ್ಥನಾ ಮಂದಿರವನ್ನು ವಿದ್ಯಾರ್ಥಿಗಳಿಗಾಗಿ ರಂಗಮಂದಿರವಾಗಿಸಿದರು. ಹೆಸರು ‘ಲಿಟಲ್ ಕಂಟ್ರಿ ಥಿಯೇಟರ್’. ಹಿಡಿಸುತ್ತಿದ್ದುದು ಸುಮಾರು ಇನ್ನೂರು ಜನ. ಯಾವ ಹಳ್ಳಿಯ ಶಾಲೆಯಲ್ಲೂ ಕಟ್ಟಿಕೊಳ್ಳಬಹುದಾದಷ್ಟು ಸರಳವಾಗಿರಬೇಕೆಂಬುದೇ ಅದರ ಉದ್ದೇಶ.

ಅಲ್ಲಿನ ಪ್ರಯೋಗಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಐಸ್‌ಲ್ಯಾಂಡ್ ಮೂಲದ ಸುಮಾರು ಇಪ್ಪತ್ತು ವಿದ್ಯಾರ್ಥಿಗಳು ಆಡಿ ತೋರಿಸಿದ ಒಂದು ದೃಶ್ಯ. ಮೂವತ್ತು ವರ್ಷಗಳ ಹಿಂದಿನ ಐಸ್‌ಲ್ಯಾಂಡಿನ ರೈತನ ಮನೆ. ಒಲೆಯ ಪಕ್ಕ ತಾಯ್ನುಡಿಯಲ್ಲಿ ಕಥೆ ಓದುವ ಅಜ್ಜ, ನೂಲುವ, ಹೆಣೆಯುವ ಹೆಣ್ಣುಮಕ್ಕಳು, ಪಿಟೀಲು ನುಡಿಸುವ ಯುವಕ. ಅಷ್ಟೆ, ದೊಡ್ಡ ಕಥೆಯೇನಿಲ್ಲ. ವಲಸೆ ಬಂದವರು ಹಳೆಯದನ್ನು ಮರೆತು ‘ಅಮೆರಿಕನ್ನ’ರಾಗಬೇಕೆಂಬ ಒತ್ತಡ ಬಲವಾಗುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಅಜ್ಜಿಯ ರಾಟೆ ಕಾಲೇಜಿನ ರಂಗವೇರಿತು! ಇದನ್ನು ಬರೀ ಮನರಂಜನೆ ಎನ್ನಲು ನಮಗೆ ಮನಸ್ಸಾಗದು.

ಕೇಳಿದ ಹಳ್ಳಿಗಳಿಗೆ ಕಾಲೇಜು ನಾಟಕದ ಪ್ರತಿಗಳನ್ನು ಅಂಚೆಯಲ್ಲಿ ಎರವಲು ಕಳಿಸುತ್ತಿತ್ತು. ಈ ಅನುಭವಗಳನ್ನು ಆರ್ವೋಲ್ಡ್ 1922ರಲ್ಲಿ ಪುಸ್ತಕವಾಗಿಸಿದರು. 1960ರಲ್ಲಿ ಕಾಲೇಜು ವಿಶ್ವವಿದ್ಯಾಲಯವಾಯಿತು. ರಂಗಮಂದಿರದ ಹೆಸರು ಆಮೇಲೂ ಬಳಕೆಯಲ್ಲಿತ್ತು.