ಬೆಸುಗೆಯ ವಿಕಿರಣ ಪರೀಕ್ಷೆ: ಸುರಕ್ಷತೆಯ ಇತಿಹಾಸ

ಬೆಸೆದ ಲೋಹದ ಸಂಧಿಯಲ್ಲಿ ಅಡಗಿರಬಹುದಾದ ಬಿರುಕು, ಗಾಳಿಗುಳ್ಳೆ, ಕಿಟ್ಟ ಮೊದಲಾದ ದೋಷಗಳನ್ನು, ಆ ಲೋಹವನ್ನು ಭೇದಿಸದೆಯೇ, ಕ್ಷ-ಕಿರಣ ಅಥವಾ ಗಾಮಾ ಕಿರಣಗಳನ್ನು ಹಾಯಿಸಿ ಫಿಲ್ಮಿನ ಮೇಲೆ ಮೂಡಿಸಿಕೊಳ್ಳುವ ವಿಧಾನವೇ ವಿಕಿರಣ ಪರೀಕ್ಷೆ. 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್ ತನ್ನ ಬೇಟೆಯ ಕೋವಿಯನ್ನೇ ಈ ಕಿರಣಗಳಿಂದ ಚಿತ್ರಿಸಿದ್ದನಾದರೂ, ಉದ್ಯಮದಲ್ಲಿ ಈ ವಿಧಾನಕ್ಕೆ ಬಲವಾದ ತಳಹದಿ ದೊರೆತುದು 1922ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಹೊರೇಸ್ ಲೆಸ್ಟರ್ ಲೋಹಪರೀಕ್ಷೆಗೆ ತೊಡಗಿದ ತರುವಾಯ. ಕಿರಣಗಳ ಘಾತುಕ ಗುಣ ಅದಕ್ಕೆ ಬಹು ಮೊದಲೇ ತಿಳಿದಿತ್ತು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಅವುಗಳಿಗೆ ಬಲಿಯಾಗಿದ್ದನು.

ಎರಡನೆಯ ಮಹಾಯುದ್ಧಾನಂತರ ಪರಮಾಣು ಸ್ಥಾವರಗಳಲ್ಲಿ ಕೋಬಾಲ್ಟ್-60, ಇರಿಡಿಯಂ-192 ಮುಂತಾದ ಗಾಮಾ ಕಿರಣ ಸೂಸುವ ವಸ್ತುಗಳು ಸಿದ್ಧವಾಗತೊಡಗಿದಾಗ, ಅಪಾಯವು ಪ್ರಯೋಗಶಾಲೆಯ ಗೋಡೆಗಳನ್ನು ದಾಟಿ ಬಯಲಿಗೆ ಬಂದಿತು. ಕ್ಷ-ಕಿರಣ ಯಂತ್ರವು ವಿದ್ಯುತ್ತನ್ನು ಕಡಿದೊಡನೆ ಶಾಂತವಾಗುತ್ತದೆ. ಸುಮಾರು 74 ದಿನಗಳ ಅರ್ಧಾಯುಷ್ಯದ ಇರಿಡಿಯಮ್ಮಿಗಾದರೋ ಅಂತಹ ವಿರಾಮವೇ ಇಲ್ಲ. ಭಾರಲೋಹದ ಕವಚದೊಳಗಿರುವ ಆ ಪುಟ್ಟ ಲೋಹಖಂಡವನ್ನು ದೂರದಿಂದ ತಂತಿಹುರಿಯ ಮೂಲಕ ಹೊರದೂಡಿ, ಚಿತ್ರ ತೆಗೆದು, ಮರಳಿ ಒಳಸೆಳೆದುಕೊಳ್ಳಬೇಕು. ಅದು ಮರಳದೆ ಉಳಿದ ಪ್ರಸಂಗಗಳೇ ಈ ಇತಿಹಾಸದ ಅತ್ಯಂತ ದುಃಖಕರ ಅಧ್ಯಾಯ.

1984ರಲ್ಲಿ ಮೊರಾಕ್ಕೋದ ಮೊಹಮ್ಮದಿಯಾದಲ್ಲಿ ಹುರಿಯಿಂದ ಕಳಚಿ ನೆಲಕ್ಕೆ ಬಿದ್ದ ಇರಿಡಿಯಂ ತುಣುಕನ್ನು ಒಬ್ಬನು ಎತ್ತಿ ಮನೆಗೊಯ್ದನು. ಅದನ್ನು ಇಡುವ ಕವಚದ ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಚಿಹ್ನೆಯಿತ್ತು, ತುಣುಕಿನ ಮೇಲೆ ಏನೂ ಇರಲಿಲ್ಲ. ಎಂಟು ಮಂದಿ ಸತ್ತರು. 1999ರಲ್ಲಿ ಪೆರುವಿನ ಯಾನಾಂಗೊ ಜಲವಿದ್ಯುತ್ ಕೇಂದ್ರದಲ್ಲಿ ಬೆಸುಗೆಗಾರನೊಬ್ಬನು ಅಂತಹುದೇ ತುಣುಕನ್ನು ಷರಾಯಿಯ ಹಿಂಜೇಬಿನಲ್ಲಿ ಇರಿಸಿಕೊಂಡು ಕೆಲಸ ಮಾಡಿ, ಮನೆಗೂ ಹೋದನು. ತೊಳೆದ ಫಿಲ್ಮಿನಲ್ಲಿ ಚಿತ್ರವೇ ಮೂಡದಿದ್ದುದರಿಂದ ಆ ರಾತ್ರಿ ಶೋಧ ನಡೆಯಿತು. ಅವನ ಬಲಗಾಲನ್ನು ಕತ್ತರಿಸಬೇಕಾಯಿತು. ಉಪಕರಣವನ್ನು ಬಳಸಿದವರು ವಿಕಿರಣಮಾಪಕವನ್ನು ಹಿಡಿದು ಒಮ್ಮೆ ಸುತ್ತಿ ಬಂದಿದ್ದರೆ ಈ ಎರಡು ಅನರ್ಥಗಳನ್ನೂ ತಡೆಯಬಹುದಿತ್ತು.

ಅಲ್ಪ ಕಾಲ, ಹೆಚ್ಚು ದೂರ, ತಕ್ಕ ಕವಚ ಎಂಬುವು ರಕ್ಷಣೆಯ ಮೂಲಸೂತ್ರಗಳು. ದೂರ ಇಮ್ಮಡಿಯಾದರೆ ಕಿರಣದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಕೆಲಸಗಾರನಿಗೆ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್, ಐದು ವರ್ಷಗಳಲ್ಲಿ ಒಟ್ಟು 100 ಎಂಬ ಮಿತಿಯನ್ನು ವಿಧಿಸಿದೆ. ಎದೆಯ ಮೇಲಿನ ಬ್ಯಾಡ್ಜು ಈ ಲೆಕ್ಕವನ್ನು ಇಡಬಲ್ಲದೇ ಹೊರತು, ಬೀಳುವ ಕಿರಣವನ್ನು ತಡೆಯಲಾರದು. ಆದುದರಿಂದ ಪ್ರತಿಯೊಂದು ಚಿತ್ರದ ಬಳಿಕವೂ, ಎಷ್ಟೇ ಅವಸರವಿರಲಿ, ಮಾಪಕದಿಂದ ಪರೀಕ್ಷಿಸಿದ ಹೊರತು ಉಪಕರಣದ ಸಮೀಪಕ್ಕೆ ಯಾರೂ ಹೋಗಕೂಡದು.