ಉಮೇದುವಾರನಿಂದ ಇಂಟರ್ನ್‌ವರೆಗೆ: ಸಂಬಳವಿಲ್ಲದ ಮೊದಲ ವರ್ಷದ ಕತೆ

ಏಪ್ರಿಲ್ ಮುಗಿಯುತ್ತಿದ್ದಂತೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಒಂದು ಬಗೆಯ ಫೋನ್ ಬರಲು ಶುರುವಾಗುತ್ತದೆ. ‘ಸಾರ್, ಜರ್ನಲಿಸಂ ಫೈನಲ್ ಇಯರ್. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಒಂದು ಬೇಕಿತ್ತು.’ ನಮಗೆ ಆಫೀಸಿಲ್ಲ, ಲೆಟರ್‌ಹೆಡ್ ಇಲ್ಲ, ಸೀಲಂತೂ ಇಲ್ಲವೇ ಇಲ್ಲ. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಒಂದು ಮೂಲೆಯೇ ನಮ್ಮ ಬ್ಯೂರೋ. ಆದರೂ ಹುಡುಗರು ಬರುತ್ತಾರೆ. ಹತ್ತಿರದಲ್ಲಿ ಕೇಳಲು ಬೇರೆ ಯಾರಿದ್ದಾರೆ?

ಈ ಸಲ ಬಂದವರಲ್ಲಿ ಒಬ್ಬ ನೇರವಾಗಿ ಹೇಳಿದ: ‘ಕೆಲಸ ಕಲೀಬೇಕು ಅಂತ ಆಸೆ ಇದೆ ಅಣ್ಣ. ಆದ್ರೆ ತಿಂಗಳೆಲ್ಲ ದಿನಾ ಬರೋಕಾಗಲ್ಲ. ರಜೇಲಿ ಗಾರೆ ಕೆಲಸಕ್ಕೆ ಹೋಗ್ತೀನಿ. ಅದು ಬಿಟ್ರೆ ತಂಗಿ ಫೀಸಿಗೆ ತೊಂದ್ರೆ ಆಗುತ್ತೆ.’ ಅವನ ಜೊತೆ ಕೂತು ಲೆಕ್ಕ ಹಾಕಿದೆವು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಕೈಬಿಟ್ಟುಹೋಗುವ ದಿನಗೂಲಿ. ಹೆಣ್ಣುಮಕ್ಕಳಿಗಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ ಇದೆ, ಇವನಿಗೆ ಟಿಕೆಟ್ ತಪ್ಪಿದ್ದಲ್ಲ. ಒಂದು ತಿಂಗಳ ‘ಉಚಿತ’ ಇಂಟರ್ನ್‌ಶಿಪ್‌ಗೆ ಅವನ ಮನೆ ಕೊಡಬೇಕಾದ ಬೆಲೆ ಅವನ ಡಿಗ್ರಿಯ ಒಂದು ವರ್ಷದ ಫೀಸಿಗಿಂತ ಹೆಚ್ಚಾಗಿತ್ತು.

ಅವನು ಹೋದ ಮೇಲೆ ನಮಗೆ ಹಳೆಯ ಪದವೊಂದು ನೆನಪಾಯಿತು. ಉಮೇದುವಾರ.

ಕಚೇರಿ ಜಗಲಿಯ ಉಮೇದುವಾರ

ಇವತ್ತು ಉಮೇದುವಾರ ಎಂದರೆ ಚುನಾವಣೆಗೆ ನಿಂತವನು. ನಾಮಪತ್ರದ ಸುದ್ದಿ ಬರೆಯುವಾಗ ನಾವೇ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಪದದ ಮೂಲ ಪಾರ್ಸಿ. ಉಮೇದು ಎಂದರೆ ಆಸೆ, ಭರವಸೆ. ಉಮೇದುವಾರ ಎಂದರೆ ಆಸೆ ಇಟ್ಟುಕೊಂಡವನು. ಕಚೇರಿ, ದಫ್ತರ, ಗುಮಾಸ್ತ, ಶಿರಸ್ತೇದಾರ, ಜಮಾಬಂದಿ ಎಂಬ ಪದಗಳು ಬಂದ ದಾರಿಯಲ್ಲೇ ಇದೂ ನಮ್ಮ ಭಾಷೆಗೆ ಬಂತು.

19ನೇ ಶತಮಾನದ ಸರ್ಕಾರಿ ಕಚೇರಿಗಳಲ್ಲಿ ಉಮೇದುವಾರನೆಂದರೆ ಸಂಬಳವಿಲ್ಲದೆ ಕೆಲಸ ಮಾಡುತ್ತಾ, ಯಾವುದಾದರೂ ಹುದ್ದೆ ಖಾಲಿಯಾಗುವುದನ್ನು ಕಾಯುತ್ತಿದ್ದ ಹುಡುಗ. ಕಾಗದಪತ್ರ ನಕಲು ಮಾಡುವುದು, ದಫ್ತರ ಕಟ್ಟುವುದು, ಲೆಕ್ಕದ ಕೂಡಿಕೆ ತಾಳೆ ನೋಡುವುದು ಅವನ ಕೆಲಸ. ಗುಮಾಸ್ತನೊಬ್ಬ ರಜೆ ಹಾಕಿದರೆ ಅವನ ಜಾಗದಲ್ಲಿ ಕೂರುವ ಅದೃಷ್ಟ ಸಿಕ್ಕೀತು. ಹಾಗೆ ಕೂತು ಕೂತು ಒಂದು ದಿನ ಕಾಯಂ ಆದೀತು.

ಇದನ್ನು ಬರೀ ಶೋಷಣೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕಲಿಕೆ ಅಲ್ಲಿ ನಿಜಕ್ಕೂ ನಡೆಯುತ್ತಿತ್ತು. ಅರ್ಜಿಯ ಒಕ್ಕಣೆ ಹೇಗಿರಬೇಕು, ಯಾವ ಕಾಗದ ಯಾವ ಮೇಜಿಗೆ ಹೋಗಬೇಕು, ಮೇಲಿನವರ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನು ಯಾವ ಪಾಠಶಾಲೆಯೂ ಹೇಳಿಕೊಡುತ್ತಿರಲಿಲ್ಲ.

ಶಾಲೆ ಕಾಲೇಜುಗಳು ಹೇಳಿಕೊಡುತ್ತಿದ್ದುದು ಬೇರೆ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಎಂದು ಪ್ರಕಟಿಸಿದ. 1854ರ ವುಡ್ ವರದಿಯೂ ಸರ್ಕಾರಕ್ಕೆ ನಂಬಿಕಸ್ಥ ನೌಕರರು ಬೇಕೆಂಬುದನ್ನು ಶಿಕ್ಷಣದ ಉದ್ದೇಶಗಳಲ್ಲಿ ಒಂದಾಗಿ ಇಟ್ಟುಕೊಂಡಿತ್ತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ಆರಂಭದ ದಶಕಗಳಲ್ಲಿ ಅವು ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಅಂದರೆ ಓದಿಗೂ ನೌಕರಿಗೂ ಗಂಟು ಹಾಕಿದ್ದು ಸರ್ಕಾರವೇ. ಆದರೆ ಓದು ಮುಗಿಸಿದವನು ಕೆಲಸ ಕಲಿಯುವವರೆಗಿನ ಅವಧಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಮನೆಯವರ ತಲೆಗೆ ಬಿಟ್ಟಿತು.

ಯಾರು ಕಾಯಬಲ್ಲವರಾಗಿದ್ದರು?

ಕಾಯುವುದಕ್ಕೂ ಬಂಡವಾಳ ಬೇಕು. ಪಟ್ಟಣದಲ್ಲಿ ಸೋದರಮಾವನ ಮನೆ ಇದ್ದವನು ಕಾದ. ವಾರಾನ್ನ ಸಿಗುವ ಜಾತಿಯಲ್ಲಿ ಹುಟ್ಟಿದವನು ದಿನಕ್ಕೊಂದು ಮನೆಯಲ್ಲಿ ಉಂಡು ಕಾದ. ಶಾನುಭೋಗರ ಮನೆಯ ಹುಡುಗನಿಗೆ ಲೆಕ್ಕಪತ್ರ ಮನೆಯಲ್ಲೇ ಅರ್ಧ ಬಂದಿರುತ್ತಿತ್ತು. ಒಕ್ಕಲು ಮಕ್ಕಳಿಗೆ, ಕುರಿ ಕಾಯುವವರ ಮಕ್ಕಳಿಗೆ ಈ ಯಾವುದೂ ಇರಲಿಲ್ಲ. ಹೊಲೆಯ, ಮಾದಿಗ ಕೇರಿಯ ಹುಡುಗನಿಗಂತೂ ಕಚೇರಿಯ ಜಗಲಿಯೇ ದೂರವಿತ್ತು.

ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಮೇಲಿನ ಹುದ್ದೆಗೆ ವಶೀಲಿಗಿಂತ ಅಂಕ ಮುಖ್ಯವಾಗಲಿ ಎಂಬುದು ಒಳ್ಳೆಯ ಹೆಜ್ಜೆ. ಆದರೆ ಆ ಪರೀಕ್ಷೆಗೆ ಓದುತ್ತಾ ಕೂರುವುದಕ್ಕೂ ಅನ್ನ ಬೇಕಿತ್ತು. 1905ರಲ್ಲಿ ಲಿಂಗಾಯತರು, 1906ರಲ್ಲಿ ಒಕ್ಕಲಿಗರು ಸಂಘ ಕಟ್ಟಿಕೊಂಡು ವಿದ್ಯಾರ್ಥಿನಿಲಯಗಳ ಕಡೆ ಗಮನ ಕೊಟ್ಟದ್ದು ಸುಮ್ಮನೆ ಅಲ್ಲ. ಹಾಸ್ಟೆಲ್ ಎಂದರೆ ಪಟ್ಟಣದಲ್ಲಿ ಸೋದರಮಾವ ಇಲ್ಲದವನಿಗೆ ಸೋದರಮಾವನ ಮನೆ.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೇಳಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮರುವರ್ಷ ವರದಿ ಬಂತು, 1921ರಲ್ಲಿ ಆದೇಶವಾಯಿತು. ಇದನ್ನು ನಾವು ಮೀಸಲಾತಿಯ ಇತಿಹಾಸವಾಗಿ ಓದುತ್ತೇವೆ. ಓದಿನಿಂದ ಕೆಲಸಕ್ಕೆ ದಾಟುವ ಸೇತುವೆಗೆ ಸುಂಕ ಕಟ್ಟಲಾಗದವರ ಇತಿಹಾಸವಾಗಿಯೂ ಓದಬೇಕು.

ಕಾಲೇಜೇ ಕೆಲಸ ಕಲಿಸಲಿ

ಇದೇ ಹೊತ್ತಿನಲ್ಲಿ ಇನ್ನೊಂದು ಉತ್ತರವೂ ಬರುತ್ತಿತ್ತು. ಕೆಲಸವನ್ನು ಕಚೇರಿ ಜಗಲಿಯಲ್ಲಿ ಕಲಿಯುವುದೇಕೆ, ತರಗತಿಯಲ್ಲೇ ಕಲಿಸೋಣ ಎಂಬುದು ವಿಶ್ವೇಶ್ವರಯ್ಯನವರ ದಾರಿ. ಅವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಹೆಬ್ಬಾಳದ ಕೃಷಿ ಶಾಲೆ (1913), ಮೈಸೂರು ವಿಶ್ವವಿದ್ಯಾಲಯ (1916), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಬಂದವು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್‌ನ ಹಿಂದೆಯೂ ಅವರೇ ಇದ್ದರು. ಇವತ್ತು ಎಸ್‌ಜೆಪಿ ಎಂದರೆ ಗೊತ್ತಾಗುತ್ತದೆ. ಹಳ್ಳಿಯಿಂದ ಬಂದು ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದವರಿಗೆ ಅದೊಂದು ದೊಡ್ಡ ಬಾಗಿಲು.

ಆ ಕಾರ್ಖಾನೆಗಳೂ ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಅವುಗಳಲ್ಲಿ ಅಪ್ರೆಂಟಿಸ್‌ಗಳಿಗೆ ತರಬೇತಿ ಇತ್ತು, ತಿಂಗಳಿಗಿಷ್ಟು ಎಂದು ಕೈಗೆ ಹಣವೂ ಬರುತ್ತಿತ್ತು. ಉಮೇದುವಾರನಿಗೂ ಅಪ್ರೆಂಟಿಸ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇಬ್ಬರೂ ಹೊಸಬರು, ಇಬ್ಬರೂ ಕಲಿಯುವವರು. ಆದರೆ ಒಬ್ಬ ಕೈಕಟ್ಟಿ ನಿಂತು ಕೃಪೆಗೆ ಕಾಯುತ್ತಾನೆ, ಇನ್ನೊಬ್ಬನ ಜೇಬಿನಲ್ಲಿ ಕರಾರು ಪತ್ರವಿರುತ್ತದೆ.

ಆ ಕರಾರಿಗೆ ದೇಶಮಟ್ಟದ ಕಾನೂನಿನ ಬಲ ಬಂದದ್ದು 1961ರ ಅಪ್ರೆಂಟಿಸ್ ಕಾಯ್ದೆಯಿಂದ. ಎಷ್ಟು ಅವಧಿ, ಏನು ಕಲಿಸಬೇಕು, ಎಷ್ಟು ಸ್ಟೈಪೆಂಡ್ ಎಂಬುದೆಲ್ಲ ಬರಹದಲ್ಲಿರಬೇಕು ಎಂದು ಅದು ಹೇಳಿತು. ಮೊದಲು ಇದು ಫಿಟ್ಟರ್, ಟರ್ನರ್‌ನಂಥ ಟ್ರೇಡ್‌ಗಳಿಗೆ ಮಾತ್ರ. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು, ಅವರ ಸ್ಟೈಪೆಂಡಿನ ಅರ್ಧ ಭಾರ ಕೇಂದ್ರ ಸರ್ಕಾರದ್ದಾಯಿತು. ಬಿ.ಎ., ಬಿ.ಕಾಂ. ಓದಿದವರಿಗೆ ಈ ಬಾಗಿಲು ತೆರೆದದ್ದು 2014ರ ತಿದ್ದುಪಡಿಯಲ್ಲಿ. 1961ರಿಂದ ಲೆಕ್ಕ ಹಾಕಿ, 53 ವರ್ಷ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೆಚ್ಚಾಗಿ ಓದುವವರು ಈ ಬಿ.ಎ., ಬಿ.ಕಾಂ. ಮಕ್ಕಳೇ ಅಲ್ಲವೇ?

ಕಪ್ಪು ಕೋಟಿನವರ ಕತೆಯೂ ಹೀಗೇ. 1961ರ ವಕೀಲರ ಕಾಯ್ದೆಯಲ್ಲಿ ಸನ್ನದು ಪಡೆಯುವ ಮುನ್ನ ತರಬೇತಿ ಕಡ್ಡಾಯವಿತ್ತು, 1973ರಲ್ಲಿ ಅದನ್ನು ಕೈಬಿಟ್ಟರು. 1995ರಲ್ಲಿ ಬಾರ್ ಕೌನ್ಸಿಲ್ ನಿಯಮ ಮಾಡಿ ಮತ್ತೆ ತಂದಿತು, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈ ಜಗ್ಗಾಟದಲ್ಲಿ ಜೂನಿಯರ್ ವಕೀಲ ಸೀನಿಯರ್ ಕೊಟ್ಟಷ್ಟು ತೆಗೆದುಕೊಂಡು ಫೈಲು ಹೊತ್ತ. ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ತಿಂಗಳಿಗೆ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಅದೂ ಶಿಫಾರಸು ಮಾತ್ರ.

ನಮ್ಮ ಕಸುಬಿನ ಜಗಲಿ

ಇನ್ನು ನಮ್ಮ ಪತ್ರಿಕೋದ್ಯಮ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ವಿಭಾಗ ಕಟ್ಟಿದ ದಿನದಿಂದ ಇಂದಿನವರೆಗೆ ಎಷ್ಟೋ ಕಾಲೇಜುಗಳಲ್ಲಿ ಈ ಪಾಠ ನಡೆದಿದೆ. ಪಾಠ ಕೆಟ್ಟದ್ದಿತ್ತು ಎಂದು ನಾವು ಹೇಳುವುದಿಲ್ಲ. ಲೀಡ್ ಬರೆಯುವುದು, ಕಾಪಿ ತಿದ್ದುವುದು ಕಲಿತದ್ದು ಅಲ್ಲೇ. ಆದರೆ ತರಗತಿಯಿಂದ ಡೆಸ್ಕಿಗೆ ಹೋಗುವ ದಾರಿಯಲ್ಲಿ ಇವತ್ತಿಗೂ ಅದೇ ಹಳೆಯ ಜಗಲಿ ಇದೆ.

ನಾವು ಡಿಪ್ಲೊಮಾ ಮುಗಿಸಿದಾಗ ಆರು ಜನ ಒಂದು ಪತ್ರಿಕೆಗೆ ಟ್ರೈನಿಗಳಾಗಿ ಹೋದೆವು. ಸಂಬಳ ‘ನೋಡೋಣ’ ಎಂದರು. ಎಂಟು ತಿಂಗಳು ನೋಡಿದೆವು. ಗೆಳೆಯನ ಹಾಸ್ಟೆಲ್ ರೂಮಿನಲ್ಲಿ ‘ಪ್ಯಾರಾಸೈಟ್’ ಆಗಿ ನೆಲದ ಮೇಲೆ ಮಲಗಿದೆವು, ವಾರ್ಡನ್ ಬಂದಾಗ ಟೆರೇಸ್ ಹತ್ತಿದೆವು. ವಾರಾನ್ನ ಉಂಡವರ ಕತೆ ಕೇಳಿದಾಗ ನಮಗೆ ಹೊಸದೆನಿಸದಿರುವುದು ಅದಕ್ಕೇ. ಕೊನೆಗೆ ಉಳಿದವರು ಇಬ್ಬರು. ಬಿಟ್ಟುಹೋದ ನಾಲ್ವರು ಬರವಣಿಗೆಯಲ್ಲಿ ಹಿಂದೆ ಬಿದ್ದವರಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಹೆಡ್ಡಿಂಗ್ ಕೊಡುತ್ತಿದ್ದವನು ಮೈಕ್ರೋಫೈನಾನ್ಸ್ ಕಂಪನಿಯ ವಸೂಲಿಗೆ ಸೇರಿಕೊಂಡ, ಅಪ್ಪನ ಆಸ್ಪತ್ರೆ ಖರ್ಚಿಗೆ ತಿಂಗಳ ಕೊನೆಯಲ್ಲಿ ಹಣ ಬೇಕಿತ್ತು. ಉಳಿದವರು ಹೆಚ್ಚು ಯೋಗ್ಯರು ಎಂದು ನಾವೂ ಬಹಳ ದಿನ ನಂಬಿದ್ದೆವು. ಉಳಿದದ್ದಕ್ಕೆ ಕಾರಣ ಊರಿನಿಂದ ಬರುತ್ತಿದ್ದ ರಾಗಿ ಹಿಟ್ಟು.

ಆಮೇಲೆ ಜಿಲ್ಲೆಗೆ ಬಂದು ಸ್ಟ್ರಿಂಗರ್ ಆದೆವು. ಅಚ್ಚಾದ ಸುದ್ದಿಯ ಅಳತೆಗೆ ತಕ್ಕಂತೆ ಹಣ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿರಬೇಕು ಎಂದಿತು. ಸುದ್ದಿಯ ದುಡ್ಡಿನಲ್ಲಿ ಮನೆ ನಡೆಯದೆ ಎಲ್‌ಐಸಿಯನ್ನೋ ಟ್ಯೂಷನ್ನನ್ನೋ ಹಿಡಿದವನು ಆ ಮಾತಿನೊಳಗೆ ಹೇಗೆ ಹಿಡಿದಾನು?

ಈಗ ಏನು ಬದಲಾಗಿದೆ?

ಬದಲಾಗಿಲ್ಲ ಎನ್ನುವಂತಿಲ್ಲ. 2021-22ರಲ್ಲಿ ರಾಜ್ಯದ ಪದವಿ ಕೋರ್ಸುಗಳಿಗೆ ಹೊಸ ಶಿಕ್ಷಣ ನೀತಿ ಬಂದಾಗ ಇಂಟರ್ನ್‌ಶಿಪ್ ಮಾತು ಪ್ರತಿ ಕಾಲೇಜಿಗೂ ಮುಟ್ಟಿತು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದರೂ ಆ ಮಾತು ಉಳಿದಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಇಂಟರ್ನ್‌ಶಿಪ್ ಯೋಜನೆ ಬಂತು. ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000.

ಉಮೇದುವಾರನ ಕಾಯುವಿಕೆಗೂ ಒಂದು ಬೆಲೆಯಿದೆ ಎಂದು ಸರ್ಕಾರಗಳು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಒಂದು ಯೋಜನೆ ಕಾಯುವುದಕ್ಕೆ ದುಡ್ಡು ಕೊಡುತ್ತದೆ, ಕಲಿಸುವುದಿಲ್ಲ. ಇನ್ನೊಂದು ಕಲಿಸುತ್ತದೆ, ಆದರೆ ಆ ಕಂಪನಿಗಳು ನಮ್ಮ ತಾಲ್ಲೂಕಿನಲ್ಲಿಲ್ಲ. ಐದು ಸಾವಿರದಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆಯೇ ಮುಗಿಯುವುದಿಲ್ಲ.

ಈಗ ಕಾಲೇಜುಗಳಲ್ಲಿ ‘ವೃತ್ತಿಗೆ ಸಜ್ಜಾಗುವುದು ಹೇಗೆ’ ಎಂಬ ಕಾರ್ಯಾಗಾರಗಳು ನಡೆಯುತ್ತವೆ. ಬಯೋಡೇಟಾ, ಇಂಗ್ಲಿಷ್ ಮಾತು, ಸಂದರ್ಶನಕ್ಕೆ ಹಾಕುವ ಶರ್ಟು. ನಾವೂ ಅತಿಥಿಗಳಾಗಿ ಹೋಗಿ ಶಾಲು ಹೊದ್ದು ಬಂದಿದ್ದೇವೆ. ಅವು ಬೇಡ ಎನ್ನುವುದಿಲ್ಲ. ಆದರೆ ಇಷ್ಟು ವರ್ಷದ ಕತೆ ಹೇಳುವುದು ಇಷ್ಟೇ: ಹುಡುಗರು ಕೆಲಸಕ್ಕೆ ಸಜ್ಜಾಗಿರುವುದು ಕಲಿಕೆಯ ಅವಧಿಯ ಅನ್ನದ ಹೊಣೆಯನ್ನು ಯಾರಾದರೂ ಹೊತ್ತುಕೊಂಡಾಗ. ಸಂಘದ ಹಾಸ್ಟೆಲ್ ಇರಲಿ, ಕಾರ್ಖಾನೆಯ ಸ್ಟೈಪೆಂಡ್ ಇರಲಿ. ಹೊಣೆ ಹೊರುವವರು ಇಲ್ಲದ ಕಡೆ ಯೋಗ್ಯರು ಆಯ್ಕೆಯಾಗಲಿಲ್ಲ, ಕಾಯಬಲ್ಲವರು ಆಯ್ಕೆಯಾದರು.

ಫೈನಲ್ ಇಯರ್‌ನಲ್ಲಿರುವ ತಮ್ಮಂದಿರೇ, ತಂಗಿಯರೇ, ಎಲ್ಲಿಗೇ ಕಲಿಯಲು ಹೋದರೂ ಮೊದಲ ದಿನವೇ ಮೂರು ಮಾತು ಕೇಳಿ. ಬಸ್ಸಿಗೆ, ಊಟಕ್ಕೆ ಏನಾದರೂ ಕೊಡುತ್ತೀರಾ? ಏನೇನು ಕಲಿಸುತ್ತೀರಿ, ಬರೆದುಕೊಡುತ್ತೀರಾ? ನಾನು ಮಾಡಿದ ಕೆಲಸಕ್ಕೆ ನನ್ನ ಹೆಸರು ಇರುತ್ತದಾ? ಕೇಳಲು ನಾಚಿಕೆಯಾಗುತ್ತದೆ, ನಮಗೆ ಗೊತ್ತು. ನಾವು ಕೇಳಿರಲಿಲ್ಲ.

ಗಾರೆ ಕೆಲಸದ ಹುಡುಗನಿಗೆ ‘ದಿನಾ ಬರಬೇಡ, ಸಂತೆ ದಿನ ಮತ್ತು ಕೆಡಿಪಿ ಸಭೆ ಇರುವ ದಿನ ಬಾ’ ಎಂದೆವು. ಬಸ್ ಚಾರ್ಜು ನಮ್ಮ ಸುದ್ದಿಯ ದುಡ್ಡಿನಿಂದ. ಅವನು ಮೊದಲು ಬರೆದದ್ದು ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾದು ಕುಳಿತವರ ಬಗ್ಗೆ, ಆರು ಸಲ ತಿದ್ದಿಸಿದೆವು. ಸರ್ಟಿಫಿಕೇಟ್ ಕೇಳಿದಾಗ ಬಿಳಿ ಹಾಳೆಯ ಮೇಲೆ ಅವನು ಹೋದ ಸಭೆ, ಬರೆದ ಸುದ್ದಿ, ಕಲಿತದ್ದು ಎಲ್ಲವನ್ನೂ ಸಾಲಾಗಿ ಬರೆದು ಸಹಿ ಹಾಕಿಕೊಟ್ಟೆವು. ಸೀಲಿಲ್ಲದ ಆ ಕಾಗದವನ್ನು ಕಾಲೇಜಿನವರು ಇಟ್ಟುಕೊಂಡಿದ್ದಾರೆ, ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತಾರಂತೆ. ಮಂಗಳವಾರ ಸಂತೆ, ಅವನು ಬರುತ್ತಾನೆ.